ಎರಡು ಮಳೆಗಾಲ ಕಂಡ ಮಣ್ಣು

ಸಂಡೂರು
ಮೇ 15, 2025, ಗುರುವಾರ

ಗಣಿಯ ಹಸಿರೀಕರಣದ ಯೋಜನೆಯಲ್ಲಿ ಆ ಮಣ್ಣಿನ ರಾಶಿಗೆ ಸಿಕ್ಕಿರುವುದು ಒಂದೇ ಸಾಲು: ಆರು ಹೆಕ್ಟೇರಿನಲ್ಲಿ 20 ಸೆಂಟಿಮೀಟರ್ ಆಳಕ್ಕೆ ಕೆರೆದು ತೆಗೆದ ಮೇಲ್ಮಣ್ಣು, 12,000 ಘನ ಮೀಟರ್. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಮಣ್ಣನ್ನು ತೆಗೆದು ಎರಡು ಮಳೆಗಾಲಗಳು ಕಳೆದಿವೆ ಎಂಬುದಾಗಲಿ, ಎರಡು ಮೀಟರಿನೊಳಗೆ ಇರಬೇಕಾಗಿದ್ದ ರಾಶಿಯನ್ನು ನಾಲ್ಕೈದು ಮೀಟರ್ ಎತ್ತರಕ್ಕೆ ಒಟ್ಟಿದ್ದಾರೆ ಎಂಬುದಾಗಲಿ ಆ ಸಾಲಿನಲ್ಲಿ ಕಾಣುವುದಿಲ್ಲ.

ನಾವು ಅಳತೆ ಮುಗಿಸುವ ಹೊತ್ತಿಗೆ ಕೆಳಗಿನ ಊರಿನ ಕುರಿಗಾಹಿ ಅಜ್ಜ ಬಂದು ರಾಶಿಯ ಪಕ್ಕದ ನೆರಳಿನಲ್ಲಿ ಕುಳಿತರು. ಬಹಳ ಹೊತ್ತು ಮಾತನಾಡದೆ ನೋಡುತ್ತಿದ್ದವರು, ಕೊನೆಗೆ, “ತಾಯಿ, ಮ್ಯಾಲ ಹುಲ್ಲು ಕಾಣಸ್ತೈತಿ, ಒಳಗ ಅಗದು ನೋಡೀರೇನು?” ಎಂದು ಕೇಳಿದರು. ಹುಡುಗರಿಂದ ಗುದ್ದಲಿ ತರಿಸಿ ಬದಿಯಿಂದ ಅಗೆಸಿದೆ. ಮೇಲಿನ ಒಂದು ಗೇಣಿನವರೆಗೆ ಬೇರು ಹೆಣೆದುಕೊಂಡಿತ್ತು, ಮಣ್ಣು ಪುಡಿಯಾಗಿ ಉದುರುತ್ತಿತ್ತು. ತೋಳಿನುದ್ದ ಒಳಗೆ ಹೋದಾಗ ಬಂದದ್ದು ಬಣ್ಣಗೆಟ್ಟು ಗಟ್ಟಿಯಾದ, ಕೊಳೆತ ವಾಸನೆಯ ಹೆಂಟೆ. ಅಜ್ಜ ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, “ಇದು ಉಸಿರು ಕಟ್ಟೈತಿ” ಎಂದರು.

ಗಾಳಿಯಾಡದ ಆಳದಲ್ಲಿ ಆಗುವುದು ಅದೇ. ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರಗಳು ಬೇರಿಲ್ಲದೆ ಸೊರಗುತ್ತವೆ, ಎರೆಹುಳುಗಳು ಇಲ್ಲವಾಗುತ್ತವೆ, ಮಣ್ಣಿನಲ್ಲಿ ಮಲಗಿದ್ದ ಹುಲ್ಲಿನ ಬೀಜಗಳು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಸಂಡೂರಿನ ಕಬ್ಬಿಣದ ಗುಡ್ಡಗಳ ಮೇಲೆ ಮಣ್ಣಿರುವುದೇ ತೆಳುವಾಗಿ, ಎಷ್ಟೋ ಕಡೆ ಕಲ್ಲಿನ ಸಂದುಗಳಲ್ಲಿ ಮಾತ್ರ. ಬಾದೆ ಹುಲ್ಲು, ಬಂದ್ರಿ, ತಂಗಡಿ, ದಿಂಡಿಗ ಇವೆಲ್ಲ ಆ ತೆಳು ಪದರವನ್ನೇ ನಂಬಿ ಬದುಕಿದವು. ಅದನ್ನು ಒಮ್ಮೆ ಕೆಡಿಸಿದ ಮೇಲೆ ಕೆರೆಯ ಹೂಳನ್ನೋ ಹೊಲದ ಮಣ್ಣನ್ನೋ ತಂದು ಸುರಿದರೆ ಪಾರ್ಥೇನಿಯಂ ಬರುತ್ತದೆಯೇ ಹೊರತು ಗುಡ್ಡ ಮರಳಿ ಬರುವುದಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ನಂತರ, ಗಣಿಗಳು ಮತ್ತೆ ತೆರೆಯಬೇಕಾದರೆ ಪುನಶ್ಚೇತನ ಯೋಜನೆಯನ್ನು ಜಾರಿಗೆ ತರಬೇಕೆಂಬ ಷರತ್ತು ಬಂತು. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಮೇಲ್ಮಣ್ಣನ್ನು ಬೇರೆಯಾಗಿಯೇ ತೆಗೆಯಬೇಕು, ಕೂಡಲೇ ಬಳಸಲಾಗದಿದ್ದರೆ ಬೇರೆಯಾಗಿಯೇ ಇಡಬೇಕು ಎನ್ನುತ್ತವೆ. ಇಲ್ಲಿ ಬೇರೆಯಾಗಿಯೇನೋ ಇಟ್ಟಿದ್ದಾರೆ. ನನ್ನ ದೃಷ್ಟಿಯಲ್ಲಿ ಇಡುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಎಲ್ಲಿ ಮತ್ತು ಯಾವ ತಿಂಗಳಲ್ಲಿ ಹರಡುತ್ತೀರಿ ಎಂಬುದು. ಹರಡುವ ಜಾಗ ಸಿದ್ಧವಾಗದೆ ಹೊಸ ಗುಡ್ಡವನ್ನು ಕೆರೆಯಬಾರದು ಎಂಬ ಒಂದು ವಾಕ್ಯವನ್ನು ಯೋಜನೆಯ ಮೊದಲ ಪುಟದಲ್ಲೇ ಸೇರಿಸಬೇಕೆಂದು ನಿರ್ಧರಿಸಿದ್ದೇನೆ.

ಈಗಿರುವ ಮಣ್ಣಿಗೆ ಏನು ಮಾಡುವುದು? ಮುಚ್ಚಬೇಕಾದ ಡಂಪು, ಅಂದರೆ ಗಣಿಯಿಂದ ತೆಗೆದು ಸುರಿದ ತ್ಯಾಜ್ಯ ಕಲ್ಲುಮಣ್ಣಿನ ಗುಡ್ಡೆ, 11 ಹೆಕ್ಟೇರ್ ಇದೆ, ಎಲ್ಲ ಕಡೆ ಸಮನಾಗಿ ಹರಡಿದರೆ 11 ಸೆಂಟಿಮೀಟರ್ ಕೂಡ ಬರುವುದಿಲ್ಲ. ಕಡಿದಾದ ಇಳಿಜಾರಿಗೆ ಸುರಿದದ್ದು ಮೊದಲ ಜೋರು ಮಳೆಗೇ ಹಳ್ಳ ಸೇರಿ, ಅಲ್ಲಿಂದ ನಾರಿಹಳ್ಳದ ನೀರನ್ನು ಕೆಂಪಾಗಿಸುತ್ತದೆ. ಆದ್ದರಿಂದ ಬೆಂಚುಗಳ, ಅಂದರೆ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಬಿಟ್ಟ ಸಮತಟ್ಟು ಜಾಗಗಳ, ಮೇಲೆ ಪಟ್ಟಿ ಪಟ್ಟಿಯಾಗಿ ದಪ್ಪಕ್ಕೆ ಹಾಕುವುದು, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹೊದಿಸಿ ಹುಲ್ಲಿನ ಬೀಜ ಬಿತ್ತುವುದು, ಕಮರ ಮರದ ಬೀಜವನ್ನು ನೇರವಾಗಿ ನೆಲಕ್ಕೇ ಊರುವುದು ಸರಿ ಎನಿಸುತ್ತದೆ. ಕಮರದ ತಾಯಿಬೇರು ಬೇಗನೆ ಆಳಕ್ಕೆ ಇಳಿಯುವಂಥದ್ದು. ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದರೆ ಅದು ಸುರುಳಿ ಸುತ್ತಿ ಸಸಿ ಮುಂದೆ ಏಳುವುದಿಲ್ಲ. ಕಾಯಿ ಬಲಿಯುವ ಕಾಲವೂ ಇದೇ, ಆದರೆ ಬೀಜ ಸಂಗ್ರಹಕ್ಕೆ ಈವರೆಗೆ ಯಾರನ್ನೂ ಕಳಿಸಿಲ್ಲ.

ಹುಲ್ಲು ಬೆಳೆಸುವ ನೆಲಕ್ಕೆ ಹಾಕುವ ಬೇಲಿಯ ಮಾತು ಬಂದಾಗ ಅಜ್ಜನ ದನಿ ಗಡುಸಾಯಿತು. “ಮೂರು ವರ್ಷ ಒಳಗ ಬಿಡಂಗಿಲ್ಲ ಅಂದ್ರ ನಮ್ ಕುರಿ ಎಲ್ಲಿ ಹೋಗಬೇಕು, ನೀವಾ ಹೇಳ್ರಿ.” ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಗಣಿ ಮುಗಿದ ನೆಲದಲ್ಲಿ ಮೇವು ಬೆಳೆಯುವಂತೆ ಮತ್ತೆ ಹುಲ್ಲು ಬೆಳೆಸಬೇಕೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂಥವರ ಕುರಿಗಳಿಗೂ ಸೇರಿಯೇ ಅಲ್ಲವೇ? ಹುಲ್ಲು ಕೊಯ್ದು ಒಯ್ಯಲು ಬಿಡುತ್ತೇವೆ ಎಂದೆ. ಅವರು ತಲೆಯಾಡಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹೊಲದಾಗ ಕುರಿ ನಿಲ್ಲಸಾಕ ರೈತರು ರೊಕ್ಕ ಕೊಡ್ತಾರ. ಈ ಸತ್ತ ಮಣ್ಣು ಹರವ್ರಿ, ಮಳಿಗಿಂತ ಮುಂಚೆ ನಾಕ್ ರಾತ್ರಿ ನಮ್ ಕುರಿ ನಿಲ್ಲಸ್ತೀವಿ” ಎಂದರು.

ಸಂಜೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಹಿಕ್ಕೆ ಮತ್ತು ಗಂಜಲ ಬಿದ್ದ ಮಣ್ಣಿಗೆ ಸಾವಯವ ಅಂಶವೂ ಸಾರಜನಕವೂ ಸೇರುತ್ತವೆ. ಚೀಲದ ಗೊಬ್ಬರಕ್ಕಿಂತ ಇದನ್ನೇ ನಾನು ನಂಬುತ್ತೇನೆ, ಯೋಜನೆಯ ಹಣದಲ್ಲಿ ಒಂದು ಪಾಲು ಕುರಿಗಾಹಿಗಳಿಗೂ ಹೋಗುತ್ತದೆ. ಆದರೆ ಬೇಸಿಗೆಯಲ್ಲಿ ಕುರಿಗಳು ಬಳ್ಳಾರಿ ಜಾಲಿಯ ಕಾಯಿ ತಿಂದಿರುತ್ತವೆ, ಅದರ ಬೀಜ ಹೊಟ್ಟೆಯಲ್ಲಿ ಸಾಯದೆ ಹಿಕ್ಕೆಯೊಡನೆ ಹೊರಬಂದು ಸೊಗಸಾಗಿ ಮೊಳೆಯುತ್ತದೆ, ಒಮ್ಮೆ ಬೇರೂರಿದರೆ ಬೆಂಚಿನ ಮೇಲೆ ಬೇರೆ ಯಾವುದನ್ನೂ ಏಳಲು ಬಿಡುವುದಿಲ್ಲ. ಮಂದೆಯನ್ನು ಕೆಲವು ದಿನ ಬರಿಯ ಸೊಪ್ಪಿನ ಮೇಲೆ ಇರಿಸಿ ನಂತರ ತರಬಹುದೇ, ಅಥವಾ ಮೊದಲ ಮಳೆಗೆ ಮೊಳೆತ ಜಾಲಿಯನ್ನು ಅವರ ಮನೆಯವರಿಂದಲೇ ಕೂಲಿ ಕೊಟ್ಟು ಕೀಳಿಸಬಹುದೇ, ನಾಳೆ ಅಜ್ಜನನ್ನೇ ಕೇಳಬೇಕು, ಮುಂಗಾರಿಗೆ ಉಳಿದಿರುವ ದಿನಗಳಲ್ಲಿ ಹರಡುವ ಕೆಲಸವೇ ಮುಗಿಯುತ್ತದೆಯೋ ಇಲ್ಲವೋ