ಕಣ್ಣೆತ್ತರದ ಗೂಡಿಗೆ ರೇಟು ಜಾಸ್ತಿ

ಸಿಂಗಪುರದಲ್ಲಿ ಕೆಲಸ ಸಿಕ್ಕಿತು ಅಂದಾಗ ಊರಲ್ಲೆಲ್ಲ ಸಂಭ್ರಮ. ಎಂಥ ಕೆಲಸ ಅಂತ ಗೊತ್ತಾದ ಮೇಲೆ ಅವ್ವ ಮೂರು ದಿನ ಫೋನು ಎತ್ತಲಿಲ್ಲ. ನಾಲ್ಕನೇ ದಿನ ಎತ್ತಿದವಳೇ, "ಅಲ್ಲ ಕಣ್ ಮಗಾ, ಸುಡುಗಾಡಿನ ಲೆಕ್ಕ ಬರೆಯಕ್ಕೆ ಸಿಂಗಾಪುರಕ್ಕೇ ಹೋಗ್ಬೇಕಿತ್ತಾ?" ಅಂದಳು. ಮಂಡ್ಯದ ಸೋದರಮಾವ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನನಗೆ ಹರಿಶ್ಚಂದ್ರ ಅಂತ ಹೆಸರಿಟ್ಟರು. ನಮ್ಮ ಬಾಸ್ ವೀರಬಾಹು. ಬಾಸ್ ಹೆಂಗಸು ಮಾವ ಅಂತ ಹೇಳಿ ನೋಡಿದೆ, ಹೆಸರು ಬದಲಾಗಲಿಲ್ಲ.

ಕೆಲಸ ಏನಪ್ಪಾ ಅಂದರೆ, ಒಂದು ಬೌದ್ಧ ದೇಗುಲಕ್ಕೆ ಹೊಂದಿಕೊಂಡಿರುವ ಕೊಲಂಬೇರಿಯಂನ ಲೆಕ್ಕಪತ್ರ. ಸುಟ್ಟ ಮೇಲೆ ಉಳಿಯುವ ಅಸ್ಥಿಯನ್ನು ಕುಡಿಕೆಯಲ್ಲಿ ತುಂಬಿ ಇಡುವ ಕಟ್ಟಡ ಅದು. ನೆಲದಿಂದ ಚಾವಣಿವರೆಗೆ ಗೂಡುಗಳು, ಪ್ರತಿ ಗೂಡಿಗೂ ಅಮೃತಶಿಲೆಯ ಮುಚ್ಚಳ, ಮೇಲೆ ಹೆಸರು, ಫೋಟೊ. ಲ್ಯಾಟಿನ್ನಿನಲ್ಲಿ ಕೊಲಂಬಾ ಅಂದರೆ ಪಾರಿವಾಳ, ಕೊಲಂಬೇರಿಯಂ ಅಂದರೆ ಪಾರಿವಾಳದ ಗೂಡು. ನಮ್ಮ ಕಡೆ ದೀಪ ಇಡಲು ಗೋಡೆಯಲ್ಲಿ ಬಿಡುವ ಜಾಗಕ್ಕೂ ಗೂಡು ಅಂತಲೇ ಅನ್ನುತ್ತೇವಲ್ಲ, ಹಾಗಾಗಿ ಮೊದಲ ದಿನದಿಂದಲೂ ನನ್ನ ತಲೆಯಲ್ಲಿ ಇವು ಗೂಡುಗಳೇ.

ಇಂಥ ಧಂದೆ ಇಲ್ಲಿ ಯಾಕೆ ಬೆಳೆಯಿತು ಅನ್ನುವುದು ಈ ಊರಿನ ನಕ್ಷೆ ನೋಡಿದರೆ ತಿಳಿಯುತ್ತದೆ. ಸತ್ತವರಿಗೆ ಇಲ್ಲಿ ಜಾಗವಿಲ್ಲ. ಈಗ ಹೂಳಲು ಉಳಿದಿರುವುದು ಚೋವಾ ಚು ಕಾಂಗ್ ಎಂಬ ಒಂದೇ ಸ್ಮಶಾನ. 1998ರಿಂದ ಅಲ್ಲಿಯೂ 15 ವರ್ಷದ ಮಿತಿ. ಅವಧಿ ಮುಗಿದ ಮೇಲೆ ಅಗೆದು ತೆಗೆಯುತ್ತಾರೆ, ಧರ್ಮದಲ್ಲಿ ದಹನಕ್ಕೆ ಅಡ್ಡಿಯಿಲ್ಲದವರ ಅಸ್ಥಿಯನ್ನು ಸುಡುತ್ತಾರೆ. ನಾನು ಬಾಡಿಗೆಗಿರುವ ಬಿಶಾನ್ ಬಡಾವಣೆಯೇ ಒಂದು ಕಾಲಕ್ಕೆ ಪೆಕ್ ಸಾನ್ ಥೆಂಗ್ ಎಂಬ, ಕ್ಯಾಂಟನೀಸ್ ಮಾತಾಡುವ ಚೀನೀಯರ ದೊಡ್ಡ ಸ್ಮಶಾನ. 1980ರ ದಶಕದಲ್ಲಿ ಲಕ್ಷಕ್ಕೂ ಮೀರಿ ಸಮಾಧಿಗಳನ್ನು ತೆಗೆದು ಫ್ಲ್ಯಾಟು ಕಟ್ಟಿದರು. ಪೆಕ್ ಸಾನ್ ಎಂಬುದನ್ನು ಮ್ಯಾಂಡರಿನ್‌ನಲ್ಲಿ ಓದಿದರೆ ಬಿಶಾನ್. ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ.

ಸರ್ಕಾರದ ಗೂಡು ನಾಗರಿಕರಿಗೆ 500 ಸಿಂಗಪುರ ಡಾಲರಿಗೆ ಸಿಗುತ್ತದೆ, ಆದರೆ ಜಾಗ ಅವರು ಕೊಟ್ಟ ಕಡೆ. ಬೇಕಾದ ಕಡೆ ಬೇಕೆಂದರೆ ಮೇಲೆ ದುಡ್ಡು ಕಟ್ಟಬೇಕು. ಖಾಸಗಿಯಲ್ಲಿ ಸಾವಿರಗಳಿಂದ ಶುರುವಾಗಿ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಕಣ್ಣೆತ್ತರದ ಸಾಲು ಎಲ್ಲಕ್ಕಿಂತ ದುಬಾರಿ. ಅಪ್ಪನ ಮುಖ ನೋಡಲು ಕತ್ತು ಎತ್ತಬಾರದು, ಕುಕ್ಕರಗಾಲಲ್ಲೂ ಕೂರಬಾರದು. ನೆಲಕ್ಕೆ ತಾಗಿದ ಸಾಲು, ಏಣಿ ಬೇಕಾಗುವ ಸಾಲು ಅಗ್ಗ. ಬುದ್ಧನ ಮೂರ್ತಿ ಕಾಣುವ ಸಾಲಿಗೆ ಇನ್ನಷ್ಟು. ಬೆಲೆಪಟ್ಟಿಯಲ್ಲಿ ನಾಲ್ಕರ ಅಂಕಿ ಹುಡುಕಿದರೂ ಸಿಗುವುದಿಲ್ಲ, ಚೀನೀ ಭಾಷೆಯಲ್ಲಿ ನಾಲ್ಕು ಅನ್ನುವುದು ಸಾವು ಅಂದ ಹಾಗೆ ಕೇಳುತ್ತದೆ. ಸಾವಿನ ಅಂಗಡಿಯಲ್ಲೂ ಸಾವಿನ ಸದ್ದು ಆಗಬಾರದು. ಜೋಡಿ ಗೂಡಿನಲ್ಲಿ ಗಂಡ ತೀರಿಕೊಂಡಿದ್ದು ಹೆಂಡತಿ ಬದುಕಿದ್ದರೆ ಆಕೆಯ ಹೆಸರನ್ನು ಕೆಂಪಿನಲ್ಲಿ ಬರೆದಿರುತ್ತಾರೆ. ಮೊದಲ ಸಲ ನೋಡಿದಾಗ ನನ್ನ ಬೆನ್ನಲ್ಲಿ ಚಳಿ. ಆ ಅಜ್ಜಿಯಾದರೋ ತನ್ನ ಹೆಸರಿನ ಮೇಲಿನ ದೂಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ಹೋಗುತ್ತಿದ್ದಳು.

ನಾನು ಸೇರಿದ್ದು 2016ರಲ್ಲಿ. ಆಗ ಕಂಪನಿ ನಡೆಸುತ್ತಿದ್ದದ್ದು ಮಾರಾಟ ವಿಭಾಗ ಅಂತಲೇ ಹೇಳಬೇಕು. ಆಫೀಸಿನ ಮಾತಿನಲ್ಲಿ ಮಾರಾಟ ಎರಡು ಬಗೆ: ಸಾವಾದ ಮೇಲೆ ಬರುವವರು ಆಸ್-ನೀಡ್, ಬದುಕಿರುವಾಗಲೇ ಕೊಂಡಿಡುವವರು ಪ್ರೀ-ನೀಡ್. ಲಾಭ ಇರುವುದು ಎರಡನೆಯದರಲ್ಲಿ. ಎಲ್‌ಐಸಿ ಏಜೆಂಟರ ಹಾಗೆಯೇ ಕಮಿಷನ್ ಏಜೆಂಟರು, ಕಂತಿನ ಸೌಲಭ್ಯ, ವರ್ಷದ ಕೊನೆಗೆ ಬಹುಮಾನ. ಮಾರಾಟದ ಮುಖ್ಯಸ್ಥರು ಸಭೆ ಸಭೆಯಲ್ಲೂ ಮಲೇಷ್ಯಾದ ನಿರ್ವಾಣ ಕಂಪನಿಯ ಹೆಸರು ಎತ್ತುತ್ತಿದ್ದರು. 1990ರಲ್ಲಿ ಶುರುವಾಗಿ 2014ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಷೇರುಪೇಟೆ ಸೇರಿದ ಸಂಸ್ಥೆ. 2016ರಲ್ಲಿ ಸಿವಿಸಿ ಎಂಬ ಹೂಡಿಕೆ ಕಂಪನಿ ಅದನ್ನು ಕೊಂಡುಕೊಂಡಿತು. ಈ ಧಂದೆಯ ಇನ್ಫೋಸಿಸ್ ಅಂದುಕೊಳ್ಳಿ. "ಅವರಿಗೆ ಆದದ್ದು ನಮಗೆ ಯಾಕಾಗಬಾರದು?" ಅನ್ನುವುದು ಅವರ ಪಲ್ಲವಿ.

ಲೆಕ್ಕ ಬರೆಯುವವನಿಗೆ ಮಾತ್ರ ಬೇರೆಯದು ಕಾಣುತ್ತಿತ್ತು. ಸೀರೆ ಅಂಗಡಿಯವನು ಮಾರಿದ ಸೀರೆ ಗಿರಾಕಿಯ ಮನೆಗೆ ಹೋಗುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಇಲ್ಲಿ ಮಾರಿದ ಸರಕು ಅಂಗಡಿಯಲ್ಲೇ ಉಳಿಯುತ್ತದೆ. ಅದನ್ನು ದಿನಾ ಗುಡಿಸಬೇಕು, ದೀಪ ಹಾಕಬೇಕು, ಲಿಫ್ಟು ರಿಪೇರಿ ಮಾಡಿಸಬೇಕು, ಊದುಬತ್ತಿ ಹೊಗೆಗೆ ಕಪ್ಪಾದ ಗೋಡೆಗೆ ಬಣ್ಣ ಹೊಡೆಸಬೇಕು. ದುಡ್ಡು ಬರುವುದು ಒಂದು ಸಲ, ಖರ್ಚು ಕಟ್ಟಡ ನಿಂತಿರುವವರೆಗೆ. ಎಲ್ಲ ಗೂಡೂ ಮಾರಿಹೋದ ದಿನ ಮಾರಾಟದವರು ಕೇಕ್ ಕತ್ತರಿಸಬಹುದು, ಮಾರನೇ ದಿನದಿಂದ ಕರೆಂಟ್ ಬಿಲ್ಲು ಕಟ್ಟುವವರಾರು? ನಮ್ಮಲ್ಲಿ ನಿರ್ವಹಣೆಯ ಹೆಸರಿನಲ್ಲಿ ಪಡೆದ ಹಣವೂ ಮಾರಾಟದ ಹಣವೂ ಒಂದೇ ಬ್ಯಾಂಕ್ ಖಾತೆಯಲ್ಲಿ ಬಿದ್ದಿರುತ್ತಿತ್ತು, ಕಮಿಷನ್ ಹೋಗುತ್ತಿದ್ದದ್ದೂ ಅದರಿಂದಲೇ. ಕಾನೂನಿನ ತಪ್ಪೇನಲ್ಲ, ಆದರೆ ನಿದ್ದೆಗೆಡಿಸುವ ಲೆಕ್ಕ.

2018ರಲ್ಲಿ ಹೊಸ ಬಾಸ್ ಬಂದರು. ಆಸ್ಪತ್ರೆಯ ಆಡಳಿತದಲ್ಲಿ ಇಪ್ಪತ್ತು ವರ್ಷ ಕಳೆದ ಹೆಂಗಸು, ಮಾತು ಕಡಿಮೆ. ಮೊದಲ ವಾರ ಅವರು ಕ್ಯಾಬಿನ್ನಿನಲ್ಲಿ ಕೂರಲೇ ಇಲ್ಲ. ಗುಡಿಸುವ ಆಂಟಿಯರ ಜೊತೆ ಬೆಳಿಗ್ಗೆ ಏಳಕ್ಕೆ ಬಂದು ಮಹಡಿ ಮಹಡಿ ತಿರುಗಿದರು. ಎರಡನೇ ವಾರ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: "ಇವತ್ತಿಗೆ ಮಾರಾಟ ನಿಲ್ಲಿಸಿದರೆ ದೀಪ ಎಷ್ಟು ವರ್ಷ ಉರಿಯುತ್ತೆ?" ಎರಡು ದಿನ ಕೂತು ಲೆಕ್ಕ ಹಾಕಿ ಕೊಟ್ಟೆ. ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಅವರು ಕಾಗದ ಮಡಚಿ ಕೈಚೀಲದಲ್ಲಿಟ್ಟುಕೊಂಡರು.

ಮೊದಲು ಕತ್ತರಿ ಬಿದ್ದದ್ದು ಮಾರಾಟದ ಪುಸ್ತಿಕೆಯ ಒಂದು ಪದಕ್ಕೆ: 'ಶಾಶ್ವತ'. ಇಲ್ಲಿ ಪೂಜಾಸ್ಥಳಗಳಿಗೆ ಸರ್ಕಾರ ಜಾಗ ಕೊಡುವುದು 30 ವರ್ಷದ ಗುತ್ತಿಗೆಗೆ. ನವೀಕರಣ ಆಗಬಹುದು, ಆದರೆ ಆಗಬಹುದು ಅನ್ನುವುದನ್ನು ಶಾಶ್ವತ ಅಂತ ಮಾರಬಾರದು ಅಂದರು ಬಾಸ್. ಮಾರಾಟದ ಮುಖ್ಯಸ್ಥರು ಮೇಜು ಗುದ್ದಿದರು. ಜನ ಕೊಳ್ಳುವುದೇ ಆ ಪದವನ್ನು, ಅದನ್ನು ತೆಗೆದರೆ ನಾವು ಮಾರುವುದು ಬರೀ ಕಲ್ಲಿನ ಡಬ್ಬಿ ಅಂದರು. ಅವರ ಮಾತಿನಲ್ಲಿ ಹುರುಳಿರಲಿಲ್ಲ ಅಂತ ನಾನು ಹೇಳಲಾರೆ.

ಬಾಸ್ ಆಗ 2015ರ ಫರ್ನ್‌ವೇಲ್ ಪ್ರಕರಣ ನೆನಪಿಸಿದರು. ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಸೆಂಗ್‌ಕಾಂಗ್ ಎಂಬ ಬಡಾವಣೆಯಲ್ಲಿ ಚೀನೀ ದೇಗುಲಕ್ಕೆಂದು ಮೀಸಲಿಟ್ಟ ಜಾಗದ ಟೆಂಡರನ್ನು ಲಾಭಕ್ಕಾಗಿ ನಡೆಯುವ ಕಂಪನಿಯೊಂದು ಗೆದ್ದಿತು. ಅದರ ಮಾತೃಸಂಸ್ಥೆ ಆಸ್ಟ್ರೇಲಿಯಾದ ಷೇರುಪೇಟೆಯಲ್ಲಿದ್ದದ್ದು. ಪಕ್ಕದ ಫರ್ನ್‌ವೇಲ್ ಲೀ ಫ್ಲ್ಯಾಟುಗಳನ್ನು ಬುಕ್ ಮಾಡಿದವರಿಗೆ ಅಲ್ಲಿ ಕೊಲಂಬೇರಿಯಂ ಬರುತ್ತದೆ ಅಂತ ತಿಳಿದಾಗ ರಂಪವಾಯಿತು. ಜನವರಿ ಕೊನೆಗೆ ಸಚಿವ ಖಾವ್ ಬೂನ್ ವಾನ್ ಸಂಸತ್ತಿನಲ್ಲೇ ನಿಂತು, ಅಲ್ಲಿ ವ್ಯಾಪಾರದ ಕೊಲಂಬೇರಿಯಂ ಬರುವುದಿಲ್ಲ ಅಂದರು. ಎರಡು ವರ್ಷದ ನಂತರ ಹಾಂಗ್‌ಕಾಂಗ್ ಖಾಸಗಿ ಕೊಲಂಬೇರಿಯಂಗಳಿಗೆ ಪರವಾನಗಿಯ ಕಾನೂನನ್ನೇ ತಂದಿತು. "ನಮ್ಮ ಧಂದೆಯನ್ನು ಮುಳುಗಿಸುವುದು ಪೈಪೋಟಿ ಅಲ್ಲ, ಜನರ ಅನುಮಾನ" ಅಂದರು ಬಾಸ್.

ಆಮೇಲೆ ನಿರ್ವಹಣೆಯ ಹಣಕ್ಕೆ ಬೇರೆ ಖಾತೆ ತೆರೆಸಿದರು. ಅದರಿಂದ ಒಂದು ಡಾಲರ್ ತೆಗೆಯಬೇಕಾದರೂ ದೇಗುಲದ ಭಿಕ್ಷುಗಳೊಬ್ಬರ ಸಹಿ ಬೇಕು. ಏಜೆಂಟರ ಕಮಿಷನ್ ಒಂದೇ ಸಲಕ್ಕೆ ಇಲ್ಲ, ಗಿರಾಕಿಯ ಕಂತು ಬಂದಂತೆ ಬಂದಂತೆ. ಮೂರು ತಿಂಗಳಲ್ಲಿ ಮಾರಾಟದ ಮುಖ್ಯಸ್ಥರು ಹೋದರು, ಅರ್ಧಕ್ಕರ್ಧ ಏಜೆಂಟರನ್ನೂ ಕರೆದುಕೊಂಡು ಹೋದರು. ಆ ವರ್ಷದ ಆದಾಯದ ಪಟ್ಟಿ ತಯಾರಿಸುವಾಗ ನನ್ನ ಕೈ ನಡುಗಿದ್ದು ನಿಜ. ವೀಸಾ ನಂಬಿಕೊಂಡು ಕೂತವನು ನಾನು.

2019ರಲ್ಲಿ ಬಾಸ್ ಟೋಕಿಯೋಗೆ ಹೋಗಿ ರುರಿದೆನ್ ನೋಡಿಬಂದರು. ಒಂದು ಬೌದ್ಧ ದೇಗುಲದ ಪುಟ್ಟ ಕಟ್ಟಡ, ಒಳಗೆ ಗಾಜಿನ ಎರಡು ಸಾವಿರಕ್ಕೂ ಮಿಕ್ಕಿ ಬುದ್ಧರು, ಪ್ರತಿಯೊಬ್ಬರ ಒಳಗೂ ಎಲ್‌ಇಡಿ ದೀಪ. ಬಂದವರು ಕಾರ್ಡು ಉಜ್ಜಿದರೆ ತಮ್ಮವರ ಬುದ್ಧ ಬೇರೆ ಬಣ್ಣದಲ್ಲಿ ಬೆಳಗುತ್ತಾನೆ. ನಾವೆಲ್ಲ ದೀಪದ ವಿಡಿಯೋ ನೋಡಿ ಬೆರಗಾಗುತ್ತಿದ್ದರೆ ಬಾಸ್‌ಗೆ ಹಿಡಿಸಿದ್ದು ಬೇರೆಯದೇ. ಅಲ್ಲಿ ಅಸ್ಥಿಯನ್ನು ಪ್ರತ್ಯೇಕವಾಗಿ ಇಡುವುದು 33 ವರ್ಷ ಮಾತ್ರ, ಆಮೇಲೆ ಎಲ್ಲರ ಜೊತೆ ಸೇರಿಸಿಬಿಡುತ್ತಾರೆ. ಹೇಳಿಯೇ ಮಾರುತ್ತಾರೆ, ಜನ ಕೊಳ್ಳುತ್ತಾರೆ.

"ನಿಮ್ಮ ಕಡೆ ಎಷ್ಟು ಕಾಲ ನೆನಪಿಟ್ಟುಕೊಳ್ಳುತ್ತಾರೆ?" ಅಂತ ಕೇಳಿದರು. ಶ್ರಾದ್ಧದಲ್ಲಿ ಅಪ್ಪ, ತಾತ, ಮುತ್ತಾತ ಅಂತ ಮೂರು ತಲೆಯ ಹೆಸರು ಹೇಳುತ್ತಾರೆ, ಅದಕ್ಕಿಂತ ಮೇಲಿನವರನ್ನು ಹೆಸರು ಹಿಡಿದು ಕರೆಯುವುದಿಲ್ಲ ಅಂದೆ. ನಮ್ಮೂರಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನೂ ಹೇಳಿದೆ: ಹೊಸ ಬಟ್ಟೆ, ಅವರಿಗೆ ಇಷ್ಟವಾದ ತಿಂಡಿ, ಕೆಲವರ ಮನೆಯಲ್ಲಿ ಬೀಡಿ ಕಟ್ಟೂ ಉಂಟು. ಬಾಸ್ ನಕ್ಕು, ನಮ್ಮಪ್ಪನಿಗೆ ನಾವು ಗಿನ್ನೆಸ್ ಬಿಯರ್ ಇಡುತ್ತೇವೆ ಅಂದರು. ಮುಂದಿನ ವರ್ಷದ ಹೊಸ ಒಪ್ಪಂದಪತ್ರದಲ್ಲಿ ಅವಧಿ ಸ್ಪಷ್ಟವಾಗಿ ಬಂತು, ಅದು ಮುಗಿದ ಮೇಲೆ ದೇಗುಲದ ಸಾಮೂಹಿಕ ಜಾಗಕ್ಕೆ ಅಂತ. ಬೆಲೆಯೂ ಇಳಿಯಿತು.

ಅಷ್ಟರಲ್ಲಿ ಕೋವಿಡ್. ಏಪ್ರಿಲ್ 4-5ರ ಹೊತ್ತಿಗೆ ಬರುವ ಚಿಂಗ್ ಮಿಂಗ್ ಇಲ್ಲಿನವರ ಪಿತೃಪಕ್ಷ. ಹಿಂದೆ ಹತ್ತು, ಮುಂದೆ ಹತ್ತು ದಿನ ನಮ್ಮಲ್ಲಿ ಜಾತ್ರೆ. 2020ರಲ್ಲಿ ಏಪ್ರಿಲ್ 7ರಿಂದ ಊರೇ ಬಾಗಿಲು ಹಾಕಿತು, ಯಾರೂ ಭೇಟಿಗೆ ಬರುವಂತಿಲ್ಲ. ಫೋನು ನಿಲ್ಲದೆ ಹೊಡೆದುಕೊಳ್ಳತೊಡಗಿತು. ಬಾಸ್ ಒಂದು ನೋಟ್‌ಬುಕ್ ತಂದಿಟ್ಟು, ಕೇಳಿದವರ ಪರವಾಗಿ ನಾವೇ ಮಾಡೋಣ, ದುಡ್ಡು ತೆಗೆದುಕೊಳ್ಳಬಾರದು ಅಂದರು. ಇದ್ದದ್ದು ಏಳೇ ಜನ. ಹಾಗಾಗಿ ಲೆಕ್ಕದವನೂ ಟ್ರಾಲಿ ತಳ್ಳಿದ. ಪರ್ತ್‌ನಿಂದ ಒಬ್ಬ ಹೆಂಗಸು ವಿಡಿಯೋ ಕರೆ ಮಾಡಿ, ಅಮ್ಮನಿಗೆ ಕೋಪಿ ಓ ಇಡಿ ಅಂದರು, ಅಂದರೆ ಹಾಲು ಹಾಕದ ಕಾಫಿ. ಇಟ್ಟೆ. "ಸಕ್ಕರೆ ಹಾಕಿದಿರಾ?" ಹಾಕಿದ್ದೇನೆ ಅಂದೆ. "ಅಯ್ಯೋ, ಅಮ್ಮನಿಗೆ ಡಯಾಬಿಟಿಸ್" ಅಂದವರು ತಾವೇ ತಡೆಯಲಾರದೆ ನಕ್ಕರು, ನಗುತ್ತಲೇ ಅತ್ತರು. ನಾನು ಫೋನನ್ನು ಫೋಟೊಗೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ನಮ್ಮಪ್ಪನ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದವನು ನಾನು. ಹೀಗೆ ಎದುರು ನಿಂತು ಸಕ್ಕರೆ ವಿಚಾರ ಮಾತಾಡಲು ನನಗೊಂದು ಕಲ್ಲಿನ ಮುಚ್ಚಳವೂ ಇಲ್ಲ ಅಂತ ಆ ಹೊತ್ತಿನಲ್ಲಿ ಅನಿಸಿದ್ದು ಸುಳ್ಳಲ್ಲ.

ಆ ನೋಟ್‌ಬುಕ್ಕಿನಲ್ಲಿದ್ದ ಎಷ್ಟೋ ಮನೆಗಳವರು ಮುಂದಿನ ವರ್ಷಗಳಲ್ಲಿ ತಮ್ಮ ನೆಂಟರನ್ನು ಕರೆತಂದರು. ಏಜೆಂಟರಿಲ್ಲದೆ ಬಂದ ಗಿರಾಕಿ, ಅಂದರೆ ಕಮಿಷನ್ ಇಲ್ಲದ ಮಾರಾಟ. ನಾನು ಇದನ್ನು ಬಾಸ್‌ಗೆ ಪಟ್ಟಿ ಮಾಡಿ ತೋರಿಸಿದಾಗ ಅವರು ಹೊಗಳಿಕೆಯ ಮಾತೇನೂ ಆಡಲಿಲ್ಲ. ಹಳೇ ಕಾಗದ ತೆಗೆದು, "ಈಗ ದೀಪ ಎಷ್ಟು ವರ್ಷ?" ಅಂದರು. ಈ ಸಲದ ಉತ್ತರ ಕೊಡುವಾಗ ಕೈ ನಡುಗಲಿಲ್ಲ.

ಇತ್ತೀಚೆಗೆ ಸಿಬ್ಬಂದಿಗೆ ಗೂಡಿನಲ್ಲಿ ರಿಯಾಯಿತಿ ಅಂತ ಸುತ್ತೋಲೆ ಬಂತು. ಅವ್ವನಿಗೆ ತಮಾಷೆಗೆ ಹೇಳಿದೆ.

"ಥೂ, ಬಿಡ್ತು ಅನ್ನು! ನನ್ನನ್ನ ಪಶ್ಚಿಮವಾಹಿನಿಗೇ ಬಿಡು. ಆ ಗೂಡೊಳಗೆ ಉಸಿರು ಕಟ್ಟಿ ಸತ್ತೋಗ್ತೀನಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಒಲೆ ಮೇಲೆ ಏನೋ ಕುದಿಯುತ್ತಿರುವುದು ಕೇಳುತ್ತಿತ್ತು.

"ಎಷ್ಟಂತೆ ಮಗಾ, ಆ ಕಣ್ಣೆತ್ತರದ್ದು?"