ಕದ್ದ ಪೇರ್ ಹಣ್ಣು ಮತ್ತು ಮೇಡಂ ಕೇಳಿದ ಪ್ರಶ್ನೆ

ಸೆಕೆಂಡ್ ಇಯರಲ್ಲಿ ನಾನು ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಮೇಲೆ ಸೆಮಿನಾರ್ ಕೊಟ್ಟಿದ್ದೆ. ಅವನ 'ಆನ್ ಲಿಬರ್ಟಿ' ಪುಸ್ತಕ, 1859ರದ್ದು. ಬೇರೆಯವರಿಗೆ ತೊಂದ್ರೆ ಆಗದೆ ಇರೋ ತನಕ ನನ್ನ ಬದುಕಿಗೆ ನಾನೇ ರಾಜ, ಸರ್ಕಾರ ಆಗ್ಲಿ ಸಮಾಜ ಆಗ್ಲಿ ಮೂಗು ತೂರಿಸೋ ಹಾಗಿಲ್ಲ ಅಂತ 20 ನಿಮಿಷ ಭಾಷಣ ಬಿಗಿದು ಬೆವರು ಒರೆಸ್ಕೊಂಡು ಕೂತೆ. ಹುಡುಗ್ರು ಬೆಂಚ್ ಕುಟ್ಟಿದ್ರು. ನಮ್ಮ ಲಿಟರೇಚರ್ ಮೇಡಂ ಮಾತ್ರ ಕನ್ನಡಕ ಒರೆಸ್ತಾ "ಎಲ್ಲಾ ಸರಿ, ಆದ್ರೆ ನಿಂಗೆ ಬರೋ ಆಸೆ ನಿಂದೇ ಅಂತ ನಿಂಗ್ಯಾರು ಹೇಳಿದ್ದು?" ಅಂದ್ರು. ಉತ್ತರ ಗೊತ್ತಾಗ್ಲಿಲ್ಲ, ಸುಮ್ನೆ ಹಲ್ಲು ಕಿರಿದೆ.

ಮುಂದಿನ ಕ್ಲಾಸಿಗೆ ಒಂದು ಜೆರಾಕ್ಸ್ ಹಾಳೆ ಬಂತು, ಅಂಚಲ್ಲೆಲ್ಲ ಅವರ ಪೆನ್ಸಿಲ್ ಗುರುತು. ಹಳೇ ಕಾಲದ ಕ್ರೈಸ್ತ ಸಂತ ಅಗಸ್ಟೀನ್ ತನ್ನ ಬದುಕಿನ ಬಗ್ಗೆ ತಾನೇ ಬರ್ಕೊಂಡ 'ಕನ್ಫೆಷನ್ಸ್', ಎರಡನೇ ಭಾಗ. ಅದರಲ್ಲಿ 16 ವರ್ಷದ ಹುಡುಗ ಅಗಸ್ಟೀನ್ ಗೆಳೆಯರ ಜೊತೆ ರಾತ್ರಿ ಹೋಗಿ ಪೇರ್ ಹಣ್ಣು ಕದೀತಾನೆ. ಹಸಿವು ಇರಲಿಲ್ಲ, ಇದಕ್ಕಿಂತ ಒಳ್ಳೇ ಹಣ್ಣು ಅವನತ್ರಾನೇ ಇತ್ತು, ಕದ್ದಿದ್ದರಲ್ಲಿ ಹೆಚ್ಚಿನದ್ದನ್ನ ಹಂದಿಗಳಿಗೆ ಎಸೆದು ಬಂದ. ಮುಂದೆ ಬಿಷಪ್ ಆದ ಮೇಲೆ ಆ ಮನುಷ್ಯ ಅದೊಂದೇ ರಾತ್ರಿಯನ್ನ ಪುಟಗಟ್ಟಲೆ ಕೆದಕ್ತಾನೆ, ಯಾಕೆ ಮಾಡ್ದೆ, ಯಾಕೆ ಮಾಡ್ದೆ ಅಂತ. ಒಬ್ಬನೇ ಇದ್ದಿದ್ರೆ ಮಾಡ್ತಾನೇ ಇರ್ಲಿಲ್ಲ ಅಂತಾನೆ. ಆ ಸಾಲಿನ ಕೆಳಗೆ ಮೇಡಂ ಎರಡು ಗೆರೆ ಎಳೆದಿದ್ರು. ನನ್ನ ಸೆಮಿನಾರಿನ ರಾಜ ಅಲ್ಲೇ ಸಿಂಹಾಸನದಿಂದ ಜಾರಿದ.

ಮೇಡಂ ದೈವಭಕ್ತೆ, ಚರ್ಚಿಗೆ ಹೋಗೋರು, ಅದನ್ನ ಮುಚ್ಚಿಡ್ತಿರಲಿಲ್ಲ. ಹಾಗಂತ ನಮ್ಮನ್ನ ಎಲ್ಲಿಗೂ ಎಳೀಲಿಲ್ಲ, ಪುಸ್ತಕ ಕೊಡೋರು ಅಷ್ಟೆ. ಅವರ ವಾದ ಇಷ್ಟು: ನಾವು ಫ್ರೀಡಮ್ಮನ್ನ ಹುಟ್ಟಿನಿಂದ ಬಂದ ಆಸ್ತಿ ಅಂತ ಶುರುವಲ್ಲೇ ಇಟ್ಕೊಂಡು ಓಡಾಡ್ತೀವಿ, ಇಟಲಿಯ ಕವಿ ಡಾಂಟೆ ಅದನ್ನ ಬೆಟ್ಟದ ತುದೀಲಿ ಇಡ್ತಾನೆ. ಸತ್ತವರು ಪಾಪ ತೊಳ್ಕೊಳ್ಳೋ ಜಾಗದ ಬಗ್ಗೆ ಅವನು ಬರೆದ 'ಪರ್ಗಟೋರಿಯೋ' ಕಾವ್ಯದಲ್ಲಿ ಏಳು ಮೆಟ್ಟಿಲ ಬೆಟ್ಟ, ಮೊದಲನೇದ್ರಲ್ಲಿ ಜಂಬದವರು ಬೆನ್ನು ಮುರಿಯೋ ಕಲ್ಲು ಹೊತ್ಕೊಂಡು ಬಗ್ಗಿ ನಡೀತಾರೆ, ಎಲ್ಲಾ ಹತ್ತಿ ಕೊನೇಲಿ ಬೆಂಕಿ ದಾಟಿದ ಮೇಲೆ, 27ನೇ ಕ್ಯಾಂಟೋದಲ್ಲಿ (ಅಂದ್ರೆ ಸರ್ಗದಲ್ಲಿ), ದಾರಿ ತೋರಿಸ್ತಾ ಬಂದ ರೋಮನ್ ಕವಿ ವರ್ಜಿಲ್ ಡಾಂಟೆಗೆ ಹೇಳ್ತಾನೆ, ಈಗ ನಿನ್ನ ಇಚ್ಛೆ ಸ್ವತಂತ್ರ, ಇನ್ಮೇಲೆ ನಿನ್ನ ಮೇಲೆ ನಿಂಗೇ ಕಿರೀಟ ಅಂತ. ಅಂದ್ರೆ ಮಿಲ್ ಬಾಗಿಲಲ್ಲೇ ಕೊಡೋದನ್ನ ಡಾಂಟೆ ಕಲ್ಲು ಹೊರಿಸಿ, ಹೊಗೆ ಕುಡಿಸಿ ಆಮೇಲೆ ಕೊಡ್ತಾನೆ.

ನಿಜವಾದ ಜಗಳ ಆಗಿದ್ದು ರಷ್ಯದ ಕಾದಂಬರಿಕಾರ ದಾಸ್ತೋಯೆವ್‌ಸ್ಕಿ ಪಾಠಕ್ಕೆ ಬಂದಾಗ. ಅವನ 'ಕರಮಜೋವ್ ಸೋದರರು' 1879ರಿಂದ 80ರ ತನಕ ಪತ್ರಿಕೇಲಿ ಕಂತುಕಂತಾಗಿ ಬಂದಿದ್ದು. ಅದರಲ್ಲಿ ಇವಾನ್ ತಮ್ಮನಿಗೆ ಒಂದು ಕಥೆ ಹೇಳ್ತಾನೆ: ಸೆವಿಲ್ ಊರಿಗೆ ಯೇಸು ವಾಪಸ್ ಬರ್ತಾನೆ, 90 ವರ್ಷದ ಇನ್‌ಕ್ವಿಸಿಟರ್, ಅಂದ್ರೆ ಧರ್ಮವಿರೋಧಿಗಳನ್ನ ವಿಚಾರಿಸಿ ಶಿಕ್ಷೆ ಕೊಡೋ ಚರ್ಚಿನ ಅಧಿಕಾರಿ, ಅವನನ್ನ ಜೈಲಿಗೆ ಹಾಕಿ ಬೈತಾನೆ, ಜನಕ್ಕೆ ಸ್ವಾತಂತ್ರ್ಯ ಯಾಕೆ ಕೊಟ್ಟೆ, ಅವರಿಗೆ ಬೇಕಾಗಿದ್ದು ರೊಟ್ಟಿ ಅಂತ. ಯೇಸು ಒಂದು ಮಾತೂ ಆಡಲ್ಲ, ಕೊನೇಲಿ ಮುದುಕನಿಗೆ ಮುತ್ತು ಕೊಡ್ತಾನೆ ಅಷ್ಟೆ. ಹೊಟ್ಟೆ ತುಂಬಿಸಿ ಮನರಂಜನೆ ಕೊಟ್ಟು ಮಲಗಿಸೋ ಇವತ್ತಿನ ವ್ಯವಸ್ಥೆಗೇ ಇದು ಕನ್ನಡಿ ಅಂದ್ರು ಮೇಡಂ. ನಾನು ಎದ್ದು ನಿಂತು, ಮೇಡಂ ಆ ಮುದುಕ ಕಾರ್ಡಿನಲ್ಲು, ಚರ್ಚಿನ ದೊಡ್ಡ ಗುರು, ಲಿಬರಲ್ ಅಲ್ಲ, ನಿಮ್ಮ ಕಡೆಯವನೇ ಅಂದೆ. ಕ್ಲಾಸು ಹೋ ಅಂತು. ಅವರೂ ನಕ್ಕು "ಹೌದಲ್ವಾ, ಅದಕ್ಕೇ ಭಯ ಆಗೋದು" ಅಂದ್ರು.

ಇನ್ನೂ ಒಂದು ಮಾತು ಅವತ್ತೇ ಹೇಳ್ಬೇಕಿತ್ತು, ಹೊಳೀಲಿಲ್ಲ. 1849ರಲ್ಲಿ ಇದೇ ದಾಸ್ತೋಯೆವ್‌ಸ್ಕಿಗೆ ಮರಣದಂಡನೆ ಆಗಿತ್ತು, ವಿಮರ್ಶಕ ಬೆಲಿನ್‌ಸ್ಕಿ ಲೇಖಕ ಗೊಗೊಲ್‌ಗೆ ಬರೆದ, ಸರ್ಕಾರ ನಿಷೇಧಿಸಿದ್ದ ಒಂದು ಪತ್ರವನ್ನ ಗೆಳೆಯರ ಮುಂದೆ ಓದಿದ್ದು ಅವನ ಮೇಲಿದ್ದ ಮುಖ್ಯ ಆರೋಪ. ಗುಂಡು ಹೊಡೆಯೋ ಮೈದಾನದ ತನಕ ಕರ್ಕೊಂಡೋಗಿ, ಕೊನೇ ಕ್ಷಣದಲ್ಲಿ ಶಿಕ್ಷೆ ಇಳಿಸಿ 4 ವರ್ಷ ಕಠಿಣ ಸಜೆಗೆ ಸೈಬೀರಿಯಾಕ್ಕೆ ಕಳಿಸಿದ್ರು. ಕೈಯಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ. ಮಿಲ್ ಹೇಳೋ ಬಡಪಾಯಿ ವಾಕ್ ಸ್ವಾತಂತ್ರ್ಯ ಆ ದೇಶದಲ್ಲಿ ಒಂಚೂರು ಇದ್ದಿದ್ರೆ ಇದೆಲ್ಲ ಆಗ್ತಿರಲಿಲ್ಲ. ಅಂಥವನು ವಾಪಸ್ ಬಂದು ರಷ್ಯದ ದೊರೆ ಜಾರ್ ಪರವೇ ನಿಂತ ಅನ್ನೋದು ನಂಗೆ ಇವತ್ತಿಗೂ ಜೀರ್ಣ ಆಗಿಲ್ಲ. ಹಾಗಾಗಿ ನಾನು ಪೂರ್ತಿ ಮೇಡಂ ಪಾರ್ಟಿ ಆಗ್ಲಿಲ್ಲ. ಆದ್ರೆ ಏನಾದ್ರೂ ಬೇಕು ಅನ್ನಿಸಿದಾಗ್ಲೆಲ್ಲ, ಫೋನಲ್ಲಿ ಬೆರಳು ಒತ್ತೋಕೆ ಮುಂಚೆ, ಆ ಪೇರ್ ಹಣ್ಣು ನೆನಪಾಗುತ್ತೆ.

ಮೊನ್ನೆ ಡಾಂಟೆ ಮತ್ತೆ ತೆಗೆದೆ. 'ಪರ್ಗಟೋರಿಯೋ'ದ 30ನೇ ಕ್ಯಾಂಟೋದಲ್ಲಿ, ತಾನು ಪ್ರೀತಿಸಿದ್ದ ಬಿಯಾಟ್ರಿಸ್ ಕಂಡ ತಕ್ಷಣ ಅವನು ಮಗು ಅಮ್ಮನ ಕಡೆ ಓಡೋ ಥರ ವರ್ಜಿಲ್ ಕಡೆ ತಿರುಗ್ತಾನೆ, ನೋಡಿದ್ರೆ ವರ್ಜಿಲ್ ಇಲ್ಲ. ಕಿರೀಟ ಇಟ್ಟವನಿಗೇ ಸ್ವರ್ಗದೊಳಗೆ ಜಾಗ ಇಲ್ಲ, ಕ್ರಿಸ್ತನಿಗಿಂತ ಮುಂಚೆ ಹುಟ್ಟಿದ ಅಂತ. ಇದೆಂಥಾ ನ್ಯಾಯ ಅಂತ ಮೇಡಂನ ಕೇಳ್ಬೇಕು. ನಂಬರ್ ಇದೆ ನನ್ನತ್ರ. ಆದ್ರೆ ಸ್ವರ್ಗದ ಬಗ್ಗೆ ಇರೋ ಮುಂದಿನ ಭಾಗ 'ಪ್ಯಾರಡೀಸೋ' ಮುಗಿಸದೆ ಫೋನ್ ಮಾಡಿದ್ರೆ, ಅದನ್ನ ಓದಿದ್ಯಾ ಅಂತಾನೇ ಮೊದಲು ಕೇಳ್ತಾರೆ.