ಹೈಡ್ರಿಲ್ಲಾಗೆ ಮದ್ದು ಹಾಕುವ ಕೆಲಸ

ಹೈಸ್ಕೂಲಿನಲ್ಲಿ ಬೀಕರ್ ಒಳಗೆ ಆಲಿಕೆ ಬೋರಲು ಹಾಕಿ, ಅದರ ಮೇಲೆ ಪ್ರನಾಳ ಇಟ್ಟು, ಬಿಸಿಲಿಗೆ ಗುಳ್ಳೆ ಏಳುವುದನ್ನು ನೋಡಿದ್ದೀರಿ ಅಲ್ವಾ? ಒಳಗಿದ್ದ ಗಿಡ ಹೈಡ್ರಿಲ್ಲಾ. ಇಲ್ಲಿ ಫ್ಲೋರಿಡಾದಲ್ಲಿ ಅದನ್ನು ಸಾಯಿಸುವುದು ಹೇಗೆ ಅಂತ ನೋಡುವುದೇ ನನ್ನ ಕೆಲಸ.

1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಜೊತೆ ಇದು ಇಲ್ಲಿಗೆ ಬಂತು, ಕೆರೆಗಳಲ್ಲಿ ದಟ್ಟವಾಗಿ ಹಬ್ಬುವ ಕಳೆಯಾಯಿತು. 1997ರಲ್ಲಿ ಬೇರೆ ಬೇರೆ ದೇಶದ ಗಿಡಗಳ ಡಿಎನ್‌ಎ ಹೋಲಿಸಿದಾಗ, ಇಲ್ಲಿನದಕ್ಕೆ ಹತ್ತಿರದ ನೆಂಟ ಅಂತ ಸಿಕ್ಕಿದ್ದು ಬೆಂಗಳೂರಿನ ಮಾದರಿ! ಲ್ಯಾಬಿನವರು ಇದನ್ನೇ ಹಿಡಿದು ನನ್ನನ್ನು ರೇಗಿಸುತ್ತಾರೆ.

ಹೊಲದಲ್ಲಿ ಮದ್ದು ಹೊಡೆದರೆ ಎಲೆ ಮೇಲೆ ಕೂರುತ್ತದೆ. ಮುಳುಗಿದ ಗಿಡಕ್ಕಾದರೆ ನೀರಿಗೇ ಹಾಕಬೇಕು. ನೀರು ನಿಂತಲ್ಲಿ ನಿಲ್ಲಲ್ಲ, ಮದ್ದು ತೆಳುವಾಗುತ್ತಾ ಹೋಗುತ್ತದೆ. ಹಾಗಾಗಿ ಎಷ್ಟು ಹಾಕಬೇಕು ಅನ್ನುವುದರ ಜೊತೆಗೆ ಎಷ್ಟು ಹೊತ್ತು ನಿಲ್ಲಬೇಕು ಅಂತಲೂ ನೋಡಬೇಕು. ಕುಡಿ ಕತ್ತರಿಸಿ ಕುಂಡದಲ್ಲಿ ನೆಡುತ್ತೇವೆ. ಮಣ್ಣಿನ ಮೇಲೊಂದು ಪದರ ಮರಳು, ನೀರು ಕದಡದಿರಲಿ ಅಂತ. ಕುಂಡಗಳನ್ನು ತೊಟ್ಟಿಗೆ ಇಳಿಸಿ, ಗಿಡ ಚೆನ್ನಾಗಿ ಬೆಳೆದ ಮೇಲೆ ಮದ್ದು. ಕೆಲವು ತೊಟ್ಟಿಗಳ ನೀರನ್ನು ಮರುದಿನವೇ ಬದಲಿಸುತ್ತೇವೆ, ಕೆಲವನ್ನು ಮೂರು ದಿನಕ್ಕೆ. ಕೊನೆಗೆ ಉಳಿದ ಗಿಡ ಕೊಯ್ದು, ಒಣಗಿಸಿ, ತೂಕ ಮಾಡುವುದು. ಕೊಯ್ದದ್ದಕ್ಕೆ ಅಂಟಿದ ಪಾಚಿ ಬಿಡಿಸುವುದಿದೆಯಲ್ಲ, ಆ ಕೆಲಸ ಮಾತ್ರ ಯಾರಿಗೂ ಬೇಡ.

ನೋಡುವುದಕ್ಕೆ ವಿಚಿತ್ರ ಅಂದ್ರೆ ಫ್ಲುರಿಡೋನ್ ಅನ್ನುವ ಮದ್ದಿನ ಕೆಲಸ. ಹಸಿರನ್ನು ಬಿಸಿಲಿನಿಂದ ಕಾಯುವ ಬಣ್ಣವೊಂದು ಎಲೆಯಲ್ಲಿರುತ್ತದೆ, ಕ್ಯಾರೆಟ್‌ಗೆ ಬಣ್ಣ ಕೊಡುವ ಜಾತಿಯದೇ. ಈ ಮದ್ದು ಅದು ತಯಾರಾಗದಂತೆ ತಡೆಯುತ್ತದೆ. ಕೆಳಗಿನ ಎಲೆಗಳು ಹಸಿರಾಗೇ ಇರುತ್ತವೆ, ಹೊಸ ಕುಡಿ ಮಾತ್ರ ಬಿಳಿ, ಅಂಚಿನಲ್ಲಿ ಸ್ವಲ್ಪ ಗುಲಾಬಿ. ನೂರು ಕೋಟಿ ಭಾಗ ನೀರಿಗೆ ಹತ್ತು ಭಾಗದಷ್ಟಿದ್ದರೂ ಸಾಕಿತ್ತು. ಆದರೆ ತಿಂಗಳುಗಟ್ಟಲೆ ನಿಲ್ಲಬೇಕು.

ಸಾಕಿತ್ತು ಅಂದೆ, ಯಾಕಂದ್ರೆ 2000ದ ಹೊತ್ತಿಗೆ ಇಲ್ಲಿನ ಕೆಲವು ಕೆರೆಗಳಲ್ಲಿ ಈ ಮದ್ದು ನಾಟುವುದು ನಿಂತಿತು. ಫ್ಲೋರಿಡಾದಲ್ಲಿರುವುದು ಹೆಣ್ಣು ಗಿಡ ಮಾತ್ರ. ಬೀಜ ಕಟ್ಟಲ್ಲ, ತುಂಡಿನಿಂದ, ಗೆಡ್ಡೆಯಿಂದ ಹಬ್ಬುತ್ತದೆ. ಅಂಥ ಗಿಡ ಮದ್ದು ತಡೆದುಕೊಳ್ಳುವುದನ್ನು ಕಲಿಯಲ್ಲ ಅಂದುಕೊಂಡಿದ್ದರು. ಒಂದೇ ಜೀನಿನಲ್ಲಿ, ಒಂದೇ ಜಾಗದಲ್ಲಿ ಆದ ಬದಲಾವಣೆ ಸಾಕಾಯಿತು. ನನಗೆ ಕೇಳಿದರೆ, ಒಂದೇ ಮದ್ದನ್ನು ವರ್ಷಾನುಗಟ್ಟಲೆ ನೆಚ್ಚಿಕೊಂಡಿದ್ದೇ ತಪ್ಪು.

ಆಮೇಲೆ ಎಂಡೋಥಾಲ್ ಅನ್ನುವ ಇನ್ನೊಂದು ಮದ್ದಿನ ಕಡೆ ತಿರುಗಿದರು. ಅದು ಹತ್ತು ಲಕ್ಷಕ್ಕೆ ಎರಡು-ಮೂರು ಭಾಗ ಬೇಕು, ಆದರೆ ಒಂದೆರಡು ದಿನ ನಿಂತರೂ ಕೆಲಸ ಆಗುತ್ತದೆ. ಗಿಡ ಕಂದಾಗಿ ಕುಸಿಯುತ್ತದೆ. ಮಣ್ಣೊಳಗಿನ ಗೆಡ್ಡೆಗೆ ಮಾತ್ರ ಏನೂ ಆಗಲ್ಲ. ಅದು ವರ್ಷಗಟ್ಟಲೆ ಸುಮ್ನೆ ಕೂತಿದ್ದು ಮತ್ತೆ ಚಿಗುರುತ್ತದೆ. ಅದಕ್ಕೇ ಕೊಯ್ಲಾದ ಮೇಲೂ ಕೆಲವು ಕುಂಡಗಳನ್ನು ತಿರುಗಿ ನೀರಿಗೆ ಬಿಡುತ್ತೇವೆ.

"ನಮ್ಮೂರ ಕೆರೆಗೂ ಹಾಕಬಹುದೇನೋ?" ಅಂತ ಅಣ್ಣ ಕೇಳಿದ. ಬೇಡ ಅಂದೆ. ಹೈಡ್ರಿಲ್ಲಾ ನಮ್ಮಲ್ಲಿ ಹೊರಗಿನದಲ್ಲ. ಜೊತೆಗೆ ಅಷ್ಟೂ ಗಿಡ ಒಟ್ಟಿಗೆ ಕೊಳೆತರೆ ನೀರಿನ ಆಮ್ಲಜನಕ ಇಳಿದು ಮೀನು ಸಾಯುತ್ತದೆ. ಇಲ್ಲೂ ದಟ್ಟವಾಗಿ ಬೆಳೆದಿದ್ದರೆ ಕೆರೆಯನ್ನು ಭಾಗ ಮಾಡಿಕೊಂಡು, ಬಿಟ್ಟು ಬಿಟ್ಟು ಹಾಕುತ್ತಾರೆ.